ಎರಡು ಮನೆಗಳ ನಡುವಿನ ಸಂದಿಯಲ್ಲಿ ಸೋರೆ, ಅವರೆ: ನನ್ನ ಅನುಭವ

ಬೆಂಗಳೂರಿನ 30×40 ಸೈಟು, ಪೂರ್ವಕ್ಕೆ ಬಾಗಿಲು. ಮನೆ ಕಟ್ಟಿದ ಮೇಲೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಮೂರಡಿ ಸಂದಿ ಉಳಿಯುತ್ತದೆ. ಕಾಂಪೌಂಡಿನ ಆಚೆ ಪಕ್ಕದವರದ್ದೂ ಮೂರಡಿ, ಆಮೇಲೆ ಅವರ ಎರಡಂತಸ್ತಿನ ಗೋಡೆ. "ಅಲ್ಲಿ ಕ್ರೋಟನ್ ಬಿಟ್ಟು ಏನೂ ಬರಲ್ಲ ಸಾರ್, ತಾರಸಿ ಮೇಲೆ ಮಾಡ್ಕೊಳ್ಳಿ" ಎಂದವರಿಗೆಲ್ಲ ಕಳೆದ ಸಂಕ್ರಾಂತಿಗೆ ಅದೇ ಸಂದಿಯ ಅವರೆಕಾಯಿ ಕೊಟ್ಟಾಗಿದೆ.

ಗುಟ್ಟೆಲ್ಲ ನೆರಳಿನ ಲೆಕ್ಕದಲ್ಲಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ಎರಡೂ ಸಂದಿಗೆ ಬೆಳಿಗ್ಗೆ ಒಂಬತ್ತರಿಂದ ಮೂರೂವರೆವರೆಗೆ ಬಿಸಿಲು. ನಡುವಿನ ಮೇ, ಜೂನ್, ಜುಲೈನಲ್ಲಿ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಅದು ಉತ್ತರದ ಸಂದಿಯ ಕಾಲ. ಆಮೇಲೆ ದಕ್ಷಿಣಕ್ಕೆ ವಾಲುತ್ತಾನೆ. ಸೆಪ್ಟೆಂಬರ್ ಕೊನೆಗೆ ದಕ್ಷಿಣದ ಪಕ್ಕದವರ 20 ಅಡಿ ಗೋಡೆಯ ನೆರಳು ಸುಮಾರು ನಾಲ್ಕೂವರೆ ಅಡಿ ಬೀಳುತ್ತದೆ, ಡಿಸೆಂಬರ್ ಮಧ್ಯಾಹ್ನ ಹದಿನೈದು ಅಡಿ. ಹಾಗಾಗಿ ಚಳಿಗಾಲದಲ್ಲಿ ದಕ್ಷಿಣದ ನೆಲಕ್ಕೆ ಬಿಸಿಲು ತಾಗುವುದೇ ಇಲ್ಲ. ಆದರೆ ನಮ್ಮ ಗೋಡೆಯ ಮೇಲ್ಭಾಗಕ್ಕೆ ತಾಗುತ್ತದೆ: ಅಕ್ಟೋಬರ್ 20ರ ಹೊತ್ತಿಗೆ ಆರಡಿಯಿಂದ ಮೇಲೆ, ನವೆಂಬರ್ 20ಕ್ಕೆ ಹತ್ತು ಹನ್ನೊಂದು ಅಡಿಯಿಂದ ಮೇಲೆ, ಡಿಸೆಂಬರಿನಲ್ಲಿ ಹನ್ನೆರಡರಿಂದ ಮೇಲೆ. ಬಿಸಿಲು ಮೇಲೇರುವುದಕ್ಕಿಂತ ಬಳ್ಳಿ ಬೇಗ ಏರಿದರೆ ಸಾಕು, ಬುಡ ನೆರಳಲ್ಲಿದ್ದರೂ ಕಾಯಿ ಬರುತ್ತದೆ. ನಿಮ್ಮ ಗೋಡೆಗಳ ಎತ್ತರ ಬೇರೆಯಾದರೆ ಅಂಕಿಗಳೂ ಬೇರೆ. ತಿಂಗಳಿಗೊಮ್ಮೆ ಮಧ್ಯಾಹ್ನ ಗೋಡೆ ಮೇಲೆ ಸೀಮೆಸುಣ್ಣದ ಗೀಟು ಎಳೆದಿಡಿ, ಒಂದು ವರ್ಷಕ್ಕೆ ನಿಮ್ಮದೇ ಪಂಚಾಂಗ ಸಿದ್ಧ.

ದಕ್ಷಿಣದ ಸಂದಿಯಲ್ಲಿ ಸೋರೆ, ಅವರೆ ಬೀಜ ಆಗಸ್ಟ್ ಮೊದಲ ವಾರ ನೆಲಕ್ಕೆ ಬೀಳಬೇಕು. ಅಕ್ಟೋಬರಿನಲ್ಲಿ ಹಾಕಿದವು ಬಿಸಿಲು ಹುಡುಕಿಕೊಂಡು ದಾರದಂತೆ ಸಣ್ಣಗೆ ಉದ್ದವಾಗಿ, ಮೂರನೇ ಎಲೆ ಬರುವಷ್ಟರಲ್ಲಿ ಮಲಗಿಬಿಟ್ಟವು.

ಹಣ ಹೆಚ್ಚು ತಿಂದಿದ್ದು ಮಣ್ಣು. ಸಂದಿಯಲ್ಲಿ ಇರುವುದು ಮಣ್ಣಲ್ಲ, ಸಿಮೆಂಟು, ಇಟ್ಟಿಗೆ ಚೂರು, ಜಲ್ಲಿ. ಮನೆಗೋಡೆ ಪಕ್ಕ ಒಂದಡಿ ಓಡಾಡಲು ಬಿಟ್ಟು, ಕಾಂಪೌಂಡ್ ಕಡೆಗೆ ಎರಡಡಿ ಅಗಲ, ಒಂದೂವರೆ ಅಡಿ ಆಳ, 25 ಅಡಿ ಉದ್ದದ ಪಾತಿ ತೆಗೆಸಿದೆ. ಅಂದಾಜು 75 ಘನ ಅಡಿ. ಅಗೆದು ಡೆಬ್ರಿ ಸಾಗಿಸಲು ನಾಲ್ಕು ಸಾವಿರದ ಹತ್ತಿರ, ಕೆಂಪು ಮಣ್ಣಿಗೆ ಇನ್ನೊಂದು ನಾಲ್ಕು. ಕೊಟ್ಟಿಗೆ ಗೊಬ್ಬರ, ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಹತ್ತು ಕೆಜಿ ಬೇವಿನ ಹಿಂಡಿ ಸೇರಿ ಮೂರು. ಮಣ್ಣು ನಾಲ್ಕು ಪಾಲು, ಗೊಬ್ಬರ ಎರಡು, ನೆನೆಸಿ ತೊಳೆದ ಕೊಕೊಪಿಟ್ ಒಂದು. ಹಗ್ಗ, ಪೈಪು, ಬೀಜ ಎಲ್ಲ ಸೇರಿ ಹದಿಮೂರು ಸಾವಿರ ದಾಟಲಿಲ್ಲ. ಲ್ಯಾಂಡ್‌ಸ್ಕೇಪಿನವರು ಹುಲ್ಲುಹಾಸು, ಬಿಳಿ ಕಲ್ಲು ಹಾಕಿಕೊಡಲು ಕೇಳಿದ್ದು ನಲವತ್ತು. ಮನೆಗೋಡೆಗೆ ಒತ್ತಿ ಮಣ್ಣು ತುಂಬಬೇಡಿ. ಒಂದೇ ಮಳೆಗಾಲಕ್ಕೆ ಒಳಗಿನ ಪೇಂಟು ಉಬ್ಬುತ್ತದೆ.

ಎಷ್ಟು ತೆಗೆಸಿದರೂ ಸುಣ್ಣದ ಅಂಶ ಉಳಿದೇ ಇರುತ್ತದೆ, ಮೇಲೆ ಬೋರ್‌ವೆಲ್ಲಿನ ಗಡಸು ನೀರು ಬೇರೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಕಬ್ಬಿಣ ಸಿಗುತ್ತಿಲ್ಲ ಎಂದೇ ಅರ್ಥ. ಅದಕ್ಕೆ ಗೊಬ್ಬರ ಸುರಿದು ಫಲವಿಲ್ಲ. ಲೀಟರಿಗೆ ಎರಡು ಮೂರು ಗ್ರಾಂ ಫೆರಸ್ ಸಲ್ಫೇಟ್, ಅರ್ಧ ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಸಿಟ್ರಿಕ್ ಇಲ್ಲದಿದ್ದರೆ ದ್ರಾವಣ ಕಂದಾಗಿ ಕೆಲಸಕ್ಕೆ ಬರುವುದಿಲ್ಲ.

ಹಗ್ಗ ಪಾತಿಯಿಂದ ಓರೆಯಾಗಿ ತಾರಸಿಯವರೆಗೆ. ಜಿಐ ತಂತಿ ಬಿಸಿಲಿಗೆ ಕಾಯುತ್ತದೆ, ನೈಲಾನ್ ಮೇಲೆ ಅವರೆ ಜಾರುತ್ತದೆ. ತೆಂಗಿನ ನಾರಿನ ಹಗ್ಗವೇ ಸರಿ. ಒಂದು ಬೆಳೆಗೆ ಬಾಳುತ್ತದೆ, ಬಳ್ಳಿ ಸಮೇತ ಕಾಂಪೋಸ್ಟಿಗೆ ಹೋಗುತ್ತದೆ. ಪ್ಯಾರಾಪೆಟ್ಟಿಗೆ ತೂತು ಹೊಡೆಯದೆ, ತಾರಸಿ ಮೇಲೆ ಅಡ್ಡಲಾಗಿ ಇಟ್ಟ ಒಂದಿಂಚಿನ ಕಬ್ಬಿಣದ ಪೈಪಿಗೆ ಕಟ್ಟಿದ್ದೇನೆ. ಮಳೆಯಲ್ಲಿ ನೆಂದ ಸೋರೆಬಳ್ಳಿಯ ಭಾರವನ್ನು ಪೈಪು ತಡೆಯುವಂತೆ ಕಟ್ಟುವ ಗಂಟೊಂದಿದೆ, ಅದು ನನ್ನ ಹತ್ತಿರವೇ ಇರಲಿ.

ಅವರೆಯಲ್ಲಿ ಎಚ್‌ಎ-3, ಎಚ್‌ಎ-4 ತರಬೇಡಿ. ವರ್ಷವಿಡೀ ಹೂ ಬಿಡುವ ಒಳ್ಳೆಯ ತಳಿಗಳೇ, ಆದರೆ ಪೊದೆಯಾಗಿ ನೆಲದಲ್ಲೇ ಕೂರುತ್ತವೆ. ಇಲ್ಲಿಗೆ ಬೇಕಾದ್ದು ಹಳೆಯ ಚಪ್ಪರದವರೆ. ಅದು ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುತ್ತದೆ. ಗೇಟಿನ ಬದಿಯ ಬಳ್ಳಿ ಸೊಂಪಾಗಿ ಬೆಳೆದೂ ಹೂ ಬಿಡದಿದ್ದಾಗ ಗೊಬ್ಬರ ಹೆಚ್ಚಾಯಿತೆಂದರು ಎಲ್ಲರೂ. ಅದರ ಮೇಲೆ ರಾತ್ರಿಯಿಡೀ ಬೀದಿದೀಪ ಬೀಳುತ್ತಿತ್ತು. ಬೀದಿ ಕಡೆಗೆ ಹಳೆಯ ಶೇಡ್‌ನೆಟ್ ಎರಡು ಪದರ ಇಳಿಬಿಟ್ಟ ಮೇಲೆ, ತಡವಾಗಿಯಾದರೂ ಗೊಂಚಲು ಬಂತು.

ಎರಡು ಗೋಡೆಗಳ ನಡುವೆ ದುಂಬಿ ಕಮ್ಮಿ. ಸೋರೆಯೂ ಹೀರೆಯೂ ಸಂಜೆ ಅರಳುತ್ತವೆ, ಹಾಗಲ ಬೆಳಿಗ್ಗೆ. ಸಂಜೆ ಆರರ ಮೇಲೆ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಬುಡದಲ್ಲಿ ಪಿಂದೆ ಇರುವ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒತ್ತಬೇಕು. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಕೈ ಪರಾಗಸ್ಪರ್ಶ ಬಿಟ್ಟ ವಾರ ಹೆಬ್ಬೆರಳು ಗಾತ್ರದ ಪಿಂದೆಗಳು ಹಳದಿಯಾಗಿ ಉದುರುತ್ತವೆ.

ಉತ್ತರದ ಸಂದಿಯಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ದಂಟು, ಪಾಲಕ್, ಬೆಂಡೆ. ಉಳಿದ ತಿಂಗಳು ಒಂದೆಲಗ, ಪುದೀನ, ಚಕ್ರಮುನಿ, ಕೆಸು. ಕೆಸುವಿನ ನೆರಳಲ್ಲಿ ದೊಡ್ಡ ಬಸವನಹುಳುಗಳ ಸಂತೆ ಸೇರುತ್ತದೆ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಸಿಪ್ಪೆ ಇಟ್ಟು ಬೆಳಿಗ್ಗೆ ಎತ್ತಿ, ಗ್ಲೌಸ್ ಹಾಕಿಕೊಂಡೇ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇನೆ. ಅಂಗಡಿಯ ವಿಷದ ಗುಳಿಗೆ ನಾಯಿ ಬೆಕ್ಕಿಗೂ ಅಪಾಯ.

ಬೆಳಕು ಹೆಚ್ಚಿಸಲು ಸ್ಟೀಲ್ ತಗಡು ನಿಲ್ಲಿಸಿ ನೋಡಿದೆ, ಎದುರಿನ ದಂಟಿನ ಎಲೆ ಪಟ್ಟಿ ಪಟ್ಟಿಯಾಗಿ ಸುಟ್ಟಿತು. ಕಾಂಪೌಂಡಿನ ಒಳಮೈಗೆ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟ್ ಹೊಡೆಸಿದ್ದು ಕೆಲಸ ಮಾಡಿತು. ಬೆಳಕು ಸಾಲದೆ ಉದ್ದವಾಗುತ್ತಿದ್ದ ಗೆಣ್ಣುಗಳ ನಡುವಿನ ಅಂತರ ಕಣ್ಣಿಗೆ ಕಾಣುವಷ್ಟು ಕಮ್ಮಿಯಾಗಿದೆ. ಮಳೆಗಾಲದ ಪಾಚಿಗೆ ಮಾತ್ರ ವರ್ಷಕ್ಕೊಮ್ಮೆ ಬ್ರಷ್ ಹಿಡಿಯಲೇಬೇಕು.