ಟ್ಯಾಂಕಿನ ಬಸವನಹುಳು: ಔಷಧಿ ಹಾಕದೆ ಹತೋಟಿಗೆ ತಂದದ್ದು ಹೇಗೆ

ಮೀನಿನ ಟ್ಯಾಂಕಿನಲ್ಲಿ ಬಸವನಹುಳು ಜಾಸ್ತಿಯಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಎರಡೇ: ಯಾವ ಹುಳು, ದಿನಕ್ಕೆ ಎಷ್ಟು ಫುಡ್ ಹಾಕುತ್ತೀರಿ? ಔಷಧಿಯ ಮಾತು ಆಮೇಲೆ. ಅಲ್ಲಿಯವರೆಗೆ ಹೋಗುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಇಲ್ಲಿ ಬರೆದಿರುವ ಅಳತೆಗಳೆಲ್ಲ ನನ್ನ ಎರಡಡಿ ಟ್ಯಾಂಕಿನವು: 24×12×12 ಇಂಚು, ಮರಳು, ಕಲ್ಲು ಕಳೆದು ನೀರು ಸುಮಾರು 50 ಲೀಟರ್. ಒಳಗೆ ಗಪ್ಪಿ, ತಳದಲ್ಲಿ ಮೇಯುವ ಕೋರಿಡೋರಾಸ್ ಮೀನು, ಚೆರ್ರಿ ಸೀಗಡಿ. ಗಿಡಗಳಲ್ಲಿ ಅನೂಬಿಯಾಸ್, ವ್ಯಾಲಿಸ್ನೇರಿಯಾ, ಜಾವಾ ಮಾಸ್. ನೀರು ಬೋರ್‌ವೆಲ್‌ನದು, ಗಡಸು. ಇಂಥ ನೀರಿನಲ್ಲಿ ಚಿಪ್ಪು ಕಟ್ಟಲು ಬೇಕಾದ ಕ್ಯಾಲ್ಸಿಯಂ ಧಾರಾಳವಾಗಿ ಸಿಗುತ್ತದೆ, ಹಾಗಾಗಿ ಹುಳುಗಳಿಗೆ ಇದು ಹೇಳಿ ಮಾಡಿಸಿದ ಜಾಗ.

ಗಿಡದ ಜೊತೆ ಮನೆಗೆ ಬರುವ ಹುಳುಗಳು ಹೆಚ್ಚಾಗಿ ಮೂರು ಬಗೆಯವು. ಬ್ಲ್ಯಾಡರ್ ಹುಳುವಿನದು ತೆಳು ಚಿಪ್ಪು, ಮೊಟ್ಟೆಯಾಕಾರ, ಮೈಮೇಲೆ ಬಂಗಾರದ ಬಣ್ಣದ ಚುಕ್ಕೆ. ಚಿಪ್ಪಿನ ಚೂಪು ತುದಿ ಮೇಲೆ, ಬಾಯಿ ನಮ್ಮ ಕಡೆ ಇರುವಂತೆ ಹಿಡಿದರೆ ಅದರ ಬಾಯಿ ಎಡಕ್ಕೆ ತೆರೆದಿರುತ್ತದೆ. ಹೆಚ್ಚಿನ ಬಸವನಹುಳುಗಳದು ಬಲಕ್ಕೆ. ರಾಮ್ಸ್‌ಹಾರ್ನ್ ಚಪ್ಪಟೆಯಾಗಿ ಸುರುಳಿ ಸುತ್ತಿಕೊಂಡಿರುತ್ತದೆ, ಕಂದು ಇಲ್ಲವೆ ಕೆಂಪು. ಈ ಎರಡರಲ್ಲೂ ಗಂಡು ಹೆಣ್ಣು ಒಂದೇ ಮೈಯಲ್ಲಿ, ಜೊತೆ ಸಿಗದಿದ್ದರೆ ತಾನೇ ಫಲಿಸಿಕೊಂಡು ಮೊಟ್ಟೆ ಇಡಬಲ್ಲವು. ಒಂದು ಬಂದರೆ ಸಾಕು. ಮೂರನೆಯದು ಟ್ರಂಪೆಟ್, ಉದ್ದಕ್ಕೆ ಶಂಕುವಿನಂತೆ, ಬೆಳೆದರೆ 2ರಿಂದ 3 ಸೆಂಟಿಮೀಟರ್, ಬಾಯಿಗೆ ಗಟ್ಟಿ ಮುಚ್ಚಳ. ಇದು ಮೊಟ್ಟೆ ಇಡುವುದಿಲ್ಲ. ಹೆಣ್ಣು ಗಂಡಿನ ಹಂಗಿಲ್ಲದೆ ಮರಿಗಳನ್ನು ಹೊಟ್ಟೆಯಲ್ಲೇ ಬೆಳೆಸಿ ಹೊರಗೆ ಬಿಡುತ್ತದೆ. ಹಗಲೆಲ್ಲ ಮರಳಿನೊಳಗೆ, ರಾತ್ರಿ ಹೊರಗೆ. ಲೈಟ್ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡುವವರೆಗೆ ಟ್ರಂಪೆಟ್ ಎಷ್ಟಿವೆ ಎಂಬ ಅಂದಾಜು ಸಿಗುವುದೇ ಇಲ್ಲ.

ಯಾವ ಬಗೆಯೇ ಆಗಲಿ, ಅದರ ಸಂಖ್ಯೆ ಟ್ಯಾಂಕಿನಲ್ಲಿ ಉಳಿಯುವ ಊಟಕ್ಕೆ ತಕ್ಕಷ್ಟೇ. ನೂರು ಹುಳು ಹಿಡಿದು ಹೊರಗೆ ಹಾಕಿ, ಫುಡ್ ಹಾಕುವ ಕೈ ಹಾಗೇ ಇದ್ದರೆ ಉಳಿದವು ಆ ಜಾಗ ತುಂಬುತ್ತವೆ. ಹಾಗಾಗಿ ನಾನು ಮೊದಲು ಕೈ ಹಾಕಿದ್ದು ಊಟಕ್ಕೆ. ಗಪ್ಪಿಗಳಿಗೆ ದಿನಕ್ಕೆ ಒಂದೇ ಸಲ, ಎರಡು ನಿಮಿಷದೊಳಗೆ ಖಾಲಿಯಾಗುವಷ್ಟು. ವಾರಕ್ಕೊಂದು ದಿನ ಏನೂ ಇಲ್ಲ. ಬೆಳೆದ, ಆರೋಗ್ಯವಾಗಿರುವ ಮೀನಿಗೆ ಅದರಿಂದ ತೊಂದರೆಯಿಲ್ಲ. ನಿಜವಾದ ಸೋರಿಕೆ ಇರುವುದು ಕೋರಿಡೋರಾಸ್‌ಗೆಂದು ರಾತ್ರಿ ಹಾಕುವ ಮುಳುಗುವ ಮಾತ್ರೆಗಳಲ್ಲಿ. ಅರ್ಧ ಮಾತ್ರೆಯನ್ನು ಮೀನು ತಿಂದರೆ ಇನ್ನರ್ಧ ಪುಡಿಯಾಗಿ ಮರಳಿನ ಸಂದಿಗೆ ಇಳಿಯುತ್ತದೆ, ಟ್ರಂಪೆಟ್‌ಗಳಿಗೆ ಮನೆ ಬಾಗಿಲಿಗೇ ಊಟ. ಅದಕ್ಕೆ ಮೂರಿಂಚು ಅಗಲದ, ಅಂಚು ತಗ್ಗಾದ ಗಾಜಿನ ತಟ್ಟೆಯೊಂದನ್ನು ಮರಳಿನ ಮೇಲೆ ಇಟ್ಟು ಮಾತ್ರೆಯನ್ನು ಅದರಲ್ಲೇ ಹಾಕುತ್ತೇನೆ. ಒಂದು ಗಂಟೆ ಬಿಟ್ಟು ತಟ್ಟೆ ಎತ್ತಿದರೆ ಉಳಿದ ಫುಡ್ಡೂ ಬರುತ್ತದೆ, ಅದಕ್ಕೆ ಮುತ್ತಿದ ಹುಳುಗಳೂ ಬರುತ್ತವೆ.

ಹಳದಿಯಾದ ವ್ಯಾಲಿಸ್ನೇರಿಯಾ ಎಲೆಗಳನ್ನು ಬುಡದಲ್ಲೇ ಕತ್ತರಿಸಿ ತೆಗೆಯಬೇಕು, ಲೈಟನ್ನು ದಿನಕ್ಕೆ 6–7 ಗಂಟೆಗೆ ಇಳಿಸಬೇಕು. ಪಾಚಿಯೂ ಅವುಗಳಿಗೆ ಊಟವೇ.

ಹಿಡಿಯುವ ಕೆಲಸಕ್ಕೆ ಸೌತೆಕಾಯಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ತೊಳೆದು, ಸಿಪ್ಪೆ ಹೆರೆದು (ಸಿಪ್ಪೆಯ ಮೇಲೆ ಕೀಟನಾಶಕ ಉಳಿದಿದ್ದರೆ ಮೊದಲು ಸಾಯುವುದು ಸೀಗಡಿ), ಅರ್ಧ ಇಂಚು ದಪ್ಪದ ಬಿಲ್ಲೆ ಕತ್ತರಿಸಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಉಪ್ಪು ಹಾಕಬಾರದು. ಹಸಿಯದು ತೇಲುತ್ತದೆ, ಬೇಯಿಸಿದ್ದೂ ಕೆಲವೊಮ್ಮೆ ತೇಲುತ್ತದೆ. ಸ್ಟೀಲ್ ಫೋರ್ಕಿಗೆ ಚುಚ್ಚಿ ಇಳಿಸಿದರೆ ಆ ಗೊಡವೆಯಿಲ್ಲ. ಲೈಟ್ ಆರಿಸುವಾಗ ಹಾಕಿ, ಬೆಳಿಗ್ಗೆ ಲೈಟ್ ಹಾಕುವ ಮೊದಲೇ ತೆಗೆಯಬೇಕು. ಬೆಳಕು ಬಿದ್ದರೆ ಟ್ರಂಪೆಟ್ ಮರಳಿಗೆ ಇಳಿದುಬಿಡುತ್ತದೆ. ಎತ್ತುವಾಗ ಒಂದು ಜಾಗ್ರತೆ: ನೀರು ಅಲುಗಿದೊಡನೆ ಬ್ಲ್ಯಾಡರ್ ಹುಳುಗಳು ಹಿಡಿತ ಬಿಟ್ಟು ಉದುರುತ್ತವೆ. ಆದ್ದರಿಂದ ಮೊದಲು ಬಲೆಯನ್ನು ಬಿಲ್ಲೆಯ ಕೆಳಗೆ ಹಿಡಿದು, ಬಲೆ ಸಮೇತ ಮೇಲೆತ್ತಬೇಕು. ಬಿಲ್ಲೆಯ ತಿರುಳು ಹೋಗಿ ಬೀಜದ ಜಾಗದಲ್ಲಿ ಗುಳಿ ಬಿದ್ದಿರುತ್ತದೆ, ಆ ಗುಳಿಯೊಳಗೆ ಎಳ್ಳಿನಷ್ಟು ಸಣ್ಣ ಮರಿಗಳು ಒತ್ತಾಗಿ ಕೂತಿರುತ್ತವೆ. ಅದನ್ನು ತೊಳೆದು ಮತ್ತೆ ಬಳಸಲು ಹೋಗದೆ ಬಿಲ್ಲೆ ಸಮೇತ ಎಸೆಯುವುದೇ ಸರಿ. ಹಗಲೂ ಅಲ್ಲೇ ಬಿಟ್ಟರೆ ಲೋಳೆಯಾಗಿ ಕರಗಿ ನೀರು ಮಬ್ಬಾಗುತ್ತದೆ, ಹುಳು ಹಿಡಿಯಲು ಹೋಗಿ ಹುಳುವಿಗೆ ಊಟ ಹಾಕಿದಂತಾಗುತ್ತದೆ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಎರಡು ಮೂರು ವಾರ ಹೀಗೆ ಮಾಡಬೇಕು.

ಟ್ರಂಪೆಟ್‌ಗೆ ಬಾಟಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ಲೀಟರಿನ ನೀರಿನ ಬಾಟಲಿಯ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಕತ್ತು ಒಳಮುಖವಾಗುವಂತೆ ತಿರುಗಿಸಿ ಸಿಕ್ಕಿಸಿ. ಒಳಗೆ ನಾಲ್ಕು ಕಲ್ಲು, ಒಂದು ಪಾಚಿ ಮಾತ್ರೆ. ಬಾಟಲಿಯನ್ನು ಅಡ್ಡ ಮಲಗಿಸಿ, ಬಾಯಿಯ ಅಂಚು ಮರಳಿಗೆ ಸಮವಾಗುವಷ್ಟು ಹೂಳಬೇಕು. ಅಂಚು ಎತ್ತರದಲ್ಲಿದ್ದರೆ ಹುಳು ಸುತ್ತಿ ಬಳಸಿ ಹೋಗುತ್ತದೆ, ಒಳಗೆ ಬರುವುದಿಲ್ಲ. ಸೀಗಡಿ, ಗಪ್ಪಿ ಮರಿ ಕೂಡ ಒಳಗೆ ಸೇರುತ್ತವೆ. ಬಾಟಲಿ ಎತ್ತಿದ ಮೇಲೆ ಬಿಳಿ ಬಟ್ಟಲಿಗೆ ಸುರಿದು ಅವನ್ನು ಆರಿಸಿ ವಾಪಸ್ ಬಿಡಬೇಕು.

ಮೊಟ್ಟೆಗೆ ಬೇರೆ ಕೆಲಸವಿದೆ. ಅನೂಬಿಯಾಸ್‌ನಂಥ ಅಗಲ ಎಲೆಯ ತಳ, ಫಿಲ್ಟರ್ ಪೈಪಿನ ಹಿಂಬದಿ, ಗಾಜಿನ ಮೂಲೆಯ ಸಿಲಿಕೋನ್ ಅಂಚು, ಇವು ಮುಖ್ಯ ತಾಣಗಳು. ಬ್ಲ್ಯಾಡರ್‌ನದು ಉದ್ದನೆಯ ಲೋಳೆ ಮುದ್ದೆ, ರಾಮ್ಸ್‌ಹಾರ್ನ್‌ನದು ದುಂಡಗೆ ಚಪ್ಪಟೆ. ಟಾರ್ಚನ್ನು ಹಿಂದಿನಿಂದ ಹಿಡಿದರೆ ಒಳಗಿನ ಮೊಟ್ಟೆಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಚುಕ್ಕಿ ಕಪ್ಪಾಗಿ ಮಿಸುಕುತ್ತಿದ್ದರೆ ಇನ್ನೊಂದೆರಡು ದಿನದಲ್ಲಿ ಮರಿ. ನಮ್ಮ ಕಡೆಯ ಕೊಠಡಿ ತಾಪ 26–28 ಡಿಗ್ರಿಯಲ್ಲಿ ಒಂದೂವರೆ ವಾರದೊಳಗೆ ಒಡೆಯುತ್ತವೆ, ಹಾಗಾಗಿ ಕೆರೆಯುವ ಕೆಲಸವನ್ನು ವಾರಕ್ಕೊಮ್ಮೆ ತಪ್ಪದೆ ಮಾಡಬೇಕು. ಗಾಜಿಗೆ ಬ್ಲೇಡ್, ಅಕ್ರಿಲಿಕ್ ಟ್ಯಾಂಕಿಗೆ ಹಳೆಯ ಎಟಿಎಂ ಕಾರ್ಡ್. ಕೆರೆದದ್ದು ಕೆಳಗೆ ಬಿದ್ದರೆ ಅಲ್ಲೇ ಒಡೆಯುತ್ತದೆ, ಆದ್ದರಿಂದ ಇನ್ನೊಂದು ಕೈಯಲ್ಲಿ ಸೈಫನ್ ಪೈಪ್ ಹಿಡಿದು ಎಳೆದುಕೊಳ್ಳಬೇಕು. ಗಾಜಿನ ಮೇಲೆ ಒಂದೆರಡು ಹುಳುವನ್ನು ಬೆರಳಿನಲ್ಲಿ ಅಮುಕಿದರೆ ಗಪ್ಪಿಗಳು ಓಡಿ ಬಂದು ತಿನ್ನುತ್ತವೆ. ಒಂದೇ ದಿನ ಐವತ್ತು ಅಮುಕಿದರೆ ಕೊಳೆಯುವುದು ಟ್ಯಾಂಕಿನಲ್ಲೇ.

ಒಳಗಿನದನ್ನು ಎಷ್ಟು ಹಿಡಿದರೂ ಹೊಸ ಗಿಡದ ಜೊತೆ ಮತ್ತೆ ಬಂದರೆ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಕುಂಡದಲ್ಲಿ ಬಂದ ಗಿಡದ ಬೇರಿಗೆ ಸುತ್ತಿದ ನಾರಿನಂಥ ರಾಕ್‌ವುಲ್ ಅನ್ನು ಪೂರ್ತಿ ಕಿತ್ತು ಎಸೆಯುತ್ತೇನೆ. ಟ್ರಂಪೆಟ್ ಮರಿ ಅಡಗುವುದು ಅಲ್ಲೇ. ಆಮೇಲೆ ಪಟಿಕದ ನೀರು: ಲೀಟರಿಗೆ ಒಂದು ಟೀ ಚಮಚ ಪಟಿಕದ ಪುಡಿ ಕರಗಿಸಿ, ಗಿಡವನ್ನು ಎರಡು ಮೂರು ಗಂಟೆ ಮುಳುಗಿಸಿ, ಮೂರು ಸಲ ತೊಳೆಯುವುದು. ಮಾಸ್‌ನಂಥ ನಾಜೂಕಿನ ಗಿಡವೂ ಇದನ್ನು ತಡೆದುಕೊಳ್ಳುತ್ತದೆ. ಹುಳು ಸಾಯುತ್ತದೆ, ಆದರೆ ಲೋಳೆಯೊಳಗಿನ ಮೊಟ್ಟೆ ಪ್ರತಿ ಸಲವೂ ಸಾಯುವುದಿಲ್ಲ. ಅನೂಬಿಯಾಸ್‌ನಂಥ ಗಟ್ಟಿ ಎಲೆಗೆ ಮಾತ್ರ ಬ್ಲೀಚ್: ಸೋಪು, ಪರಿಮಳ ಬೆರೆಸದ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 50 ಮಿಲಿ, ನೀರು 950 ಮಿಲಿ, ಗಡಿಯಾರ ನೋಡಿಕೊಂಡು ಎರಡು ನಿಮಿಷ. ತೆಗೆದೊಡನೆ ತೊಳೆದು, ಕ್ಲೋರಿನ್ ತೆಗೆಯುವ ಹೈಪೋ ಹೆಚ್ಚಾಗಿ ಕರಗಿಸಿದ ಬಕೆಟ್ ನೀರಿನಲ್ಲಿ, ಮೂಗಿಗೆ ವಾಸನೆ ಬರದಷ್ಟು ಹೊತ್ತು ಇಡಬೇಕು. ವ್ಯಾಲಿಸ್ನೇರಿಯಾ, ಮಾಸ್, ಹಾರ್ನ್‌ವರ್ಟ್‌ಗೆ ಬ್ಲೀಚ್ ಬೇಡ, ಕರಗಿಹೋಗುತ್ತವೆ. ಕ್ಯಾನಿನ ಬ್ಲೀಚಿಗೆ ಬದಲಾಗಿ ಬ್ಲೀಚಿಂಗ್ ಪೌಡರ್ ಬಳಸುವುದೂ ಬೇಡ. ಡಬ್ಬ ತೆರೆದಿಟ್ಟಷ್ಟೂ ಅದರ ಬಲ ಇಳಿಯುತ್ತದೆ, ಅಳತೆಗೆ ಅರ್ಥವಿರುವುದಿಲ್ಲ. ಪಟಿಕ ಮತ್ತು ಬ್ಲೀಚ್ ಒಂದೇ ಬಕೆಟ್ಟಿನಲ್ಲಿ ಸೇರಲೇಬಾರದು. ಪಟಿಕ ಹುಳಿ ಗುಣದ್ದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಬಿಡುತ್ತದೆ.

ಅದ್ದಿದ ಮೇಲೂ ಗಿಡವನ್ನು ಕಿಟಕಿ ಪಕ್ಕದ ಬಕೆಟ್ಟಿನಲ್ಲಿ ಮೂರು ನಾಲ್ಕು ವಾರ ಇಟ್ಟು, ಒಡೆದು ಬಂದ ಮರಿಗಳನ್ನು ಆರಿಸಿದ ಮೇಲೆಯೇ ಟ್ಯಾಂಕಿಗೆ ಹಾಕುತ್ತೇನೆ. ಇಷ್ಟು ತಾಳ್ಮೆ ಇಲ್ಲದವರು ಲ್ಯಾಬಿನಲ್ಲಿ ಬೆಳೆಸಿ ಪ್ಲಾಸ್ಟಿಕ್ ಕಪ್‌ನಲ್ಲಿ ಮಾರುವ ಟಿಶ್ಯೂ ಕಲ್ಚರ್ ಗಿಡ ಕೊಳ್ಳಲಿ. ದುಡ್ಡು ಹೆಚ್ಚು, ಹುಳುವಿನ ಕಾಟವಿಲ್ಲ.

ಹುಳು ತಿನ್ನುವ ಮೀನು ತಂದು ಬಿಡಿ ಎನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಅಂಗಡಿಯಲ್ಲಿ ಎರಡಿಂಚಿನ ಕ್ಲೌನ್ ಲೋಚ್ ಬೆಳೆದರೆ 20 ಸೆಂಟಿಮೀಟರ್ ದಾಟುತ್ತದೆ, ಗುಂಪಿನಲ್ಲೇ ಇರಬೇಕು. ಎರಡಡಿ ಟ್ಯಾಂಕ್ ಅದಕ್ಕೆ ಜೈಲು. ಜೀಬ್ರಾ ಲೋಚ್ ಚಿಕ್ಕದು, ನಮ್ಮ ತುಂಗಾ ನದಿಯದೇ ಮೀನು, ಆದರೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯದಲ್ಲಿರುವ ಜಾತಿ, ಹೊಳೆಯಿಂದ ಹಿಡಿದು ಮಾರುವುದೂ ಅದರ ಕುಸಿತಕ್ಕೆ ಒಂದು ಕಾರಣ. ಪಶ್ಚಿಮ ಘಟ್ಟದ ಪೀ ಪಫರ್ ಹುಳುಗಳನ್ನು ಹೆಕ್ಕಿ ಹೆಕ್ಕಿ ತಿನ್ನುತ್ತದೆ, ಗಪ್ಪಿಯ ಬಾಲವನ್ನೂ ಬಿಡುವುದಿಲ್ಲ. ಸೀಗಡಿ ಇರುವ ನನ್ನ ಟ್ಯಾಂಕಿಗೆ ಒಗ್ಗಿದ್ದು ಅಸ್ಸಾಸಿನ್ ಹುಳು, ಹಳದಿ ಕಪ್ಪು ಪಟ್ಟೆಯದು. 50 ಲೀಟರಿಗೆ ನಾಲ್ಕು ಬಿಟ್ಟೆ. ಮರಳಿನಲ್ಲಿ ಹೂತು ಕೂತು ಟ್ರಂಪೆಟ್ ಹಿಡಿಯುವುದರಲ್ಲಿ ಎತ್ತಿದ ಕೈ. ಗಾಜಿನ ಮೇಲ್ಗಡೆಯ ಬ್ಲ್ಯಾಡರ್‌ಗಳನ್ನು, ಲೋಳೆಯ ಮೊಟ್ಟೆಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇವುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಬೆಳವಣಿಗೆಯೂ ನಿಧಾನ, ಹೀಗಾಗಿ ಇವೇ ಮುಂದೆ ಕಾಟವಾಗುವ ಭಯ ಕಡಿಮೆ. ಖಾಲಿ ಚಿಪ್ಪುಗಳು ಗಡಸು ನೀರಿನಲ್ಲಿ ಕರಗದೆ ಮರಳಿನ ಮೇಲೆ ಉಳಿಯುತ್ತವೆ, ನೀರು ಬದಲಿಸುವಾಗ ಎಳೆದುಕೊಂಡರಾಯಿತು.

ಇನ್ನು ಔಷಧಿ. ಬಸವನಹುಳು ಕೊಲ್ಲುವ ಹಲವು ಬಾಟಲಿಗಳಲ್ಲಿ ಇರುವುದು ತಾಮ್ರ. ಮಲೆನಾಡಿನ ಅಡಿಕೆ ತೋಟದವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಇದ್ದೇ ಇರುತ್ತದೆ, ಒಂದು ಚಿಟಿಕೆ ಹಾಕಿದರೆ ಏನಾದೀತು ಎನಿಸುವುದು ಸಹಜ. ಲೆಕ್ಕ ಹಾಕಿ: ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ. ಚಿಟಿಕೆ ಅರ್ಧ ಗ್ರಾಂ ಎಂದುಕೊಂಡರೆ ತಾಮ್ರ ಸುಮಾರು 125 ಮಿಲಿಗ್ರಾಂ, 50 ಲೀಟರಿನಲ್ಲಿ ಲೀಟರಿಗೆ 2.5 ಮಿಲಿಗ್ರಾಂ. ಮೀನಿನ ರೋಗಕ್ಕೆ ತಾಮ್ರ ಕೊಡುವಾಗ ಇಡುವ ಮಟ್ಟ 0.2ರ ಆಸುಪಾಸು. ಹನ್ನೆರಡು ಪಟ್ಟು ಹೆಚ್ಚಾಯಿತು! ಸೀಗಡಿಗಂತೂ ಆ 0.2 ಕೂಡ ತಡೆಯುವುದಿಲ್ಲ. ಗಡಸು ನೀರಿನಲ್ಲಿ ತಾಮ್ರ ಮರಳಿಗೆ ಅಂಟಿ ಕೂರುವುದರಿಂದ ಮುಂದೆಂದೋ ಸೀಗಡಿ ಬಿಡಲು ಹೋದಾಗಲೂ ತೊಂದರೆ ಕೊಡಬಹುದು.

ಮೀನಿಗೆ ಏನೂ ಆಗದ ಔಷಧಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಮರಳಿನೊಳಗೆ ಒಟ್ಟಿಗೆ ಸತ್ತ ನೂರಾರು ಟ್ರಂಪೆಟ್‌ಗಳನ್ನು ಹೊರಗೆ ತೆಗೆಯುವ ದಾರಿಯಿಲ್ಲ. ಅವು ಕೊಳೆತು ಅಮೋನಿಯಾ ಏರುತ್ತದೆ, ಬೋರ್‌ವೆಲ್ ನೀರಿನ ಪಿಎಚ್ 8ರ ಹತ್ತಿರ ಇದ್ದರೆ ಅದೇ ಅಮೋನಿಯಾ ಇನ್ನಷ್ಟು ವಿಷ. ಯಾರಾದರೂ ಈಗಾಗಲೇ ಹಾಕಿಬಿಟ್ಟಿದ್ದರೆ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಅಮೋನಿಯಾ ಸೊನ್ನೆಗೆ ಬರುವವರೆಗೆ ದಿನಾ 30 ಶೇಕಡಾ ನೀರು ಬದಲಿಸಲಿ, ಏರ್ ಪಂಪ್ ನಿಲ್ಲಿಸದಿರಲಿ, ಮೀನಿಗೆ ಫುಡ್ ಹಾಕದಿರಲಿ.

ಟ್ರಂಪೆಟ್‌ಗಳನ್ನು ನಾನು ಪೂರ್ತಿ ತೆಗೆದಿಲ್ಲ, ತೆಗೆಯುವ ಉದ್ದೇಶವೂ ಇಲ್ಲ. ಮರಳನ್ನು ಕೆದಕಿ ಕೆಳಗೆ ಗಾಳಿಯಿಲ್ಲದ ಕಪ್ಪು ಪದರ ಕಟ್ಟದಂತೆ ನೋಡಿಕೊಳ್ಳುತ್ತವೆ. ಜೊತೆಗೆ ಅವು ಉಸಿರಾಡುವುದು ಕಿವಿರಿನಲ್ಲಿ. ಬ್ಲ್ಯಾಡರ್, ರಾಮ್ಸ್‌ಹಾರ್ನ್ ಮೇಲೆ ಬಂದು ಗಾಳಿ ತೆಗೆದುಕೊಳ್ಳುವುದು ಮಾಮೂಲು. ಟ್ರಂಪೆಟ್‌ಗಳು ಹಗಲಿನಲ್ಲಿ ಗುಂಪಾಗಿ ಗಾಜು ಹತ್ತಿ ನೀರಿನ ಮಟ್ಟಕ್ಕೆ ಬಂದರೆ ಆಮ್ಲಜನಕ ಕಡಿಮೆಯಾಗಿದೆ, ಇಲ್ಲವೆ ಅಮೋನಿಯಾ ಏರಿದೆ. ಆಗ ಮೊದಲು ಫಿಲ್ಟರ್ ನೋಡಬೇಕು.

ಟ್ಯಾಂಕಿನ ಅಂಚಿಗೆ ನೇತುಹಾಕುವ ಹ್ಯಾಂಗ್‌ಆನ್ ಫಿಲ್ಟರ್ ಗರಗರ ಎನ್ನತೊಡಗಿದರೆ ಇಂಪೆಲ್ಲರ್ (ನೀರು ತಳ್ಳುವ ಪುಟ್ಟ ಚಕ್ರ) ಕುಳಿಯಲ್ಲಿ ಟ್ರಂಪೆಟ್ ಮರಿ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಪ್ಲಗ್ ಕಿತ್ತು, ಇಂಪೆಲ್ಲರ್ ಎಳೆದು, ಹಳೆಯ ಟೂತ್‌ಬ್ರಷ್‌ನಲ್ಲಿ ಕುಳಿ ತಿಕ್ಕಿ, ನೀರೆಳೆಯುವ ಪೈಪಿನ ಬಾಯಿಗೆ ಸ್ಪಾಂಜ್ ತೊಡಿಸಿದರೆ ಮತ್ತೆ ಬರುವುದಿಲ್ಲ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ನಲ್ಲಿಯ ಕ್ಲೋರಿನ್ ನೀರಿನಲ್ಲಿ ಅಲ್ಲ. ಹಿಂಡಿದ ನೀರು ಹೂಕುಂಡಕ್ಕೆ. ಚರಂಡಿಗೋ ಕೆರೆಗೋ ಹೋಗಬಾರದು. ಹಿಡಿದ ಹುಳುಗಳನ್ನು ಕವರಿನಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಆಮೇಲೆ ಗೊಬ್ಬರದ ಬುಟ್ಟಿಗೆ ಹಾಕುತ್ತೇನೆ.