ಗಾಜಿನಡಿಯ ನಾಲ್ಕು ಹಾಳೆ: ವಾಸ್ಕೋದ ಸಾಮಾನ್ಯ ಕ್ಲಿನಿಕ್ಕಿನಲ್ಲಿ ಎಚ್‌ಐವಿ ಆರೈಕೆ

ನಮ್ಮದು ವಾಸ್ಕೋದ ಒಂದು ಸಾಮಾನ್ಯ ಕ್ಲಿನಿಕ್ಕು. ಬೈನಾ, ಝುವಾರಿನಗರದ ಕಡೆಯಿಂದ ಬರುವವರಲ್ಲಿ ಬಾಗಲಕೋಟೆ, ವಿಜಯಪುರ, ಗದಗ ಸೀಮೆಯ ದುಡಿಯುವ ಜನ ಹೆಚ್ಚು. ಎಚ್‌ಐವಿ ಮಾತ್ರೆ ಸಿಗುವುದು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಂಥ ಕಡೆಯ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಸೆಂಟರಿನಲ್ಲಿ. ಆದರೆ ಅದೇ ಮಾತ್ರೆ ನುಂಗುವವರಿಗೆ ಎದೆಯುರಿ, ಕೆಮ್ಮು, ಸಕ್ಕರೆ, ಮೊಣಕಾಲು ನೋವು ಕಾಣಿಸಿಕೊಂಡರೆ ಅವರು ಬರುವುದು ನಮ್ಮಂಥವರ ಬಳಿಗೆ. ಎಡವಟ್ಟಾಗುವುದೂ ಇಲ್ಲೇ.

ಓದಲು ಸಾಮಗ್ರಿ ಬೇಕಾದಷ್ಟಿದೆ. ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, 2021ರಲ್ಲಿ ತಂದ ರಾಷ್ಟ್ರೀಯ ಮಾರ್ಗಸೂಚಿಯೇ ನೂರಾರು ಪುಟಗಳಷ್ಟಿದೆ, ಪುಕ್ಕಟೆ ಸಿಗುತ್ತದೆ. ನರ್ಸಿನ ಬೆರಳಿಗೆ ಸೂಜಿ ಚುಚ್ಚಿದ ಗಳಿಗೆಯಲ್ಲಿ ಅದನ್ನು ತಿರುವುತ್ತ ಕೂರುವುದಕ್ಕೆ ಆಗುವುದಿಲ್ಲ. ಹಾಗಾಗಿ ಅದರಿಂದ ನಾಲ್ಕು ಹಾಳೆ ಮಾಡಿಕೊಂಡು ಮೇಜಿನ ಗಾಜಿನಡಿ ಇಟ್ಟೆವು. ಯಾವ ಹಾಳೆಯ ಮೇಲೂ ‘ಎಚ್‌ಐವಿ’ ಎಂಬ ತಲೆಬರಹವಿಲ್ಲ, ಬರೀ 1, 2, 3, 4. ಎದುರು ಕೂತವರೂ ಓದು ಬಲ್ಲವರೇ.

ಮೂಲ ಯಾವುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನಮಗೆ ನ್ಯಾಕೋದ್ದೇ ಮೊದಲು, ಏಕೆಂದರೆ ಸರ್ಕಾರಿ ಸೆಂಟರಿನ ಕಪಾಟಿನಲ್ಲಿ ಇರುವ ಮಾತ್ರೆ ಅದರ ಪ್ರಕಾರವೇ ಬರುತ್ತದೆ. ಅಮೆರಿಕದ ಆರೋಗ್ಯ ಇಲಾಖೆಯ ಮಾರ್ಗಸೂಚಿ ವಿವರವಾಗಿದೆ, ಕಾರಣಗಳನ್ನು ಚೆನ್ನಾಗಿ ಬಿಡಿಸುತ್ತದೆ. ಆದರೆ ಅದು ಮುಂದಿಡುವ ಬಿಕ್ಟೆಗ್ರಾವಿರ್ ಕೂಟದ ಮಾತ್ರೆ ನಮ್ಮ ರೋಗಿಯ ಡಬ್ಬಿಯಲ್ಲಿರುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಉಚಿತ ಎಚ್‌ಐವಿ ಪಾಠಕ್ರಮ ಹೊಸಬರಿಗೆ ಕಲಿಯಲು ಒಳ್ಳೆಯದು. ಔಷಧಗಳ ತಾಕಲಾಟಕ್ಕೆ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜಾಲತಾಣದ ಸಮಕ್ಕೆ ಇನ್ನೊಂದಿಲ್ಲ: ಎರಡು ಔಷಧದ ಹೆಸರು ಕೊಟ್ಟರೆ ಕೆಂಪು, ಕಿತ್ತಳೆ, ಹಳದಿ, ಹಸಿರು ಎಂದು ಉತ್ತರ ಬರುತ್ತದೆ. ಅದರ ಆ್ಯಪ್ ಕಾಂಪೌಂಡರನ ಫೋನಿನಲ್ಲೂ ಇದೆ.

ಒಂದನೆಯ ಹಾಳೆ ಸೂಜಿ ಚುಚ್ಚಿದಾಗಿನದು. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ತೊಳೆಯಬೇಕು. ಹಿಂಡಬಾರದು, ಬೆರಳು ಬಾಯಿಗೆ ಇಡಬಾರದು, ಸ್ಪಿರಿಟ್ಟು ಬ್ಲೀಚು ಸುರಿಯಬಾರದು. ಕಣ್ಣಿಗೆ ಸಿಡಿದಿದ್ದರೆ ನೀರು ಅಥವಾ ಸಲೈನಿನಲ್ಲಿ ತೊಳೆಯುವುದು ಸಾಕು. ಆಮೇಲೆ ಸೋಂಕು ತಡೆಯುವ ಮೊದಲ ಮಾತ್ರೆ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, ಅದೇ ಟಿಎಲ್‌ಡಿ. ಎರಡು ಗಂಟೆಯೊಳಗೆ ಬಿದ್ದರೆ ಉತ್ತಮ, 72 ಗಂಟೆ ಕಳೆದ ಮೇಲೆ ಪ್ರಯೋಜನವಿಲ್ಲ. ದಿನಕ್ಕೊಂದರಂತೆ 28 ದಿನ. ಯಾರ ರಕ್ತದ ಸೂಜಿಯೋ ಅವರ ಪರೀಕ್ಷೆಯ ವರದಿಗೆ ಕಾಯುತ್ತ ಮೊದಲ ಮಾತ್ರೆಯನ್ನು ತಡೆಹಿಡಿಯಬಾರದು. ವರದಿ ನೆಗೆಟಿವ್ ಬಂದು, ವಿಂಡೋ ಅವಧಿಯ (ಸೋಂಕು ತಗಲಿದ್ದರೂ ಪರೀಕ್ಷೆಯಲ್ಲಿ ಕಾಣದ ದಿನಗಳ) ಶಂಕೆಯೂ ಇಲ್ಲದಿದ್ದರೆ ನಿಲ್ಲಿಸಿದರಾಯಿತು.

ಚುಚ್ಚಿಸಿಕೊಂಡವರಿಗೆ ಅವತ್ತೇ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆ. ಮುಂದೆ 6 ವಾರ, 3 ತಿಂಗಳು, 6 ತಿಂಗಳಿಗೆ ಎಚ್‌ಐವಿ ಮತ್ತೆ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ. 0.3. ಈ ಅಂಕಿಯನ್ನು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇವೆ, ಗಾಬರಿಯಾದವರಿಗೆ ಓದಲು. ಹೆಪಟೈಟಿಸ್ ಬಿ ಇದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಅಂಟುತ್ತದೆ. ಲಸಿಕೆ ಹಾಕಿಸಿಕೊಳ್ಳದ ಸಿಬ್ಬಂದಿಗೆ ಎಚ್‌ಐವಿಯ ಚಿಂತೆಯೊಂದೇ ಇರುವುದು ವಿಚಿತ್ರ.

ಇಲ್ಲಿ ಕೆಡುವುದು ವೈದ್ಯಶಾಸ್ತ್ರವಲ್ಲ, ಕಪಾಟಿನ ಕೀಲಿ. ಮಾತ್ರೆ ಒಳಗೆ, ಕೀಲಿ ಮನೆಗೆ ಹೋದವರ ಕಿಸೆಯಲ್ಲಿ. ನಾವು 30 ಮಾತ್ರೆಯ ಒಂದು ಸೀಲು ಡಬ್ಬಿಯನ್ನು ಡ್ರೆಸ್ಸಿಂಗ್ ಟ್ರಾಲಿಯ ಕೆಳಗಿನ ಖಾನೆಯಲ್ಲಿ, ಬೀಗವಿಲ್ಲದೆ ಇಡುತ್ತೇವೆ. ಅವಧಿ ಮುಗಿಯುವ ತಿಂಗಳನ್ನು ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿರುತ್ತೇವೆ. ಎರಡನೆಯ ತೊಂದರೆ ಹತ್ತು ದಿನಕ್ಕೆ ಬಿಡುವುದು: ಹೊಟ್ಟೆ ತೊಳಸಿತು, ನಿದ್ದೆ ಕೆಟ್ಟಿತು ಎಂದು ನಿಲ್ಲಿಸುತ್ತಾರೆ. ಊಟದ ನಂತರ ಬೆಳಿಗ್ಗೆ ತೆಗೆದುಕೊಂಡರೆ ಎರಡೂ ಸಾಮಾನ್ಯವಾಗಿ ತಗ್ಗುತ್ತವೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಮೊದಲೇ ಹೆಪಟೈಟಿಸ್ ಬಿ ಇರುವವರಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಆ ವೈರಸ್ಸನ್ನೂ ಅದುಮಿರುತ್ತವೆ. 28ನೆಯ ದಿನ ನಿಲ್ಲಿಸಿದಾಗ ಅದು ಮರುಕಳಿಸಿ ಯಕೃತ್ತು ಉರಿಯಬಹುದು. ಅಂಥವರಿಗೆ ಮುಂದಿನ ತಿಂಗಳುಗಳಲ್ಲಿ ಎಎಲ್‌ಟಿ (ಯಕೃತ್ತಿನ ರಕ್ತಪರೀಕ್ಷೆ) ನೋಡುತ್ತಿರಬೇಕು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಇದೇ 72 ಗಂಟೆ, ಇದೇ 28 ದಿನ. ಖಾಸಗಿ ಆಸ್ಪತ್ರೆಯಾದರೂ ಅವರಿಗೆ ಮೊದಲ ಚಿಕಿತ್ಸೆ ಉಚಿತವಾಗಿ ಕೊಡಲೇಬೇಕು ಎಂಬುದು ಕಾನೂನು. ‘ಮೊದಲು ಪೊಲೀಸ್ ಸ್ಟೇಷನ್ನಿಗೆ ಹೋಗಿ ಬನ್ನಿ’ ಎಂದರೆ ಗಂಟೆಗಳು ಅಲ್ಲೇ ಕರಗುತ್ತವೆ.

ಎರಡನೆಯ ಹಾಳೆಯಲ್ಲಿ, ಎಚ್‌ಐವಿ ಮಾತ್ರೆಯೊಂದಿಗೆ (ಹೆಚ್ಚಿನವರಿಗೆ ಅದೂ ಟಿಎಲ್‌ಡಿಯೇ) ತಾಕಲಾಡುವ, ನಾವು ದಿನವೂ ಬರೆಯುವ ಔಷಧಗಳಿವೆ. ಡೊಲುಟೆಗ್ರಾವಿರ್ ಲೋಹದ ಅಯಾನಿಗೆ ಅಂಟಿಕೊಂಡರೆ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎದೆಯುರಿಗೆ ಕುಡಿಯುವ ಆಂಟಾಸಿಡ್‌ನಲ್ಲಿ ಅಲ್ಯುಮಿನಿಯಂ, ಮೆಗ್ನೀಷಿಯಂ ಇದೆ. ಆದ್ದರಿಂದ ಟಿಎಲ್‌ಡಿ ಅದಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಬರಿ ಹೊಟ್ಟೆಯಲ್ಲಿ ಇದೇ ಲೆಕ್ಕ. ಊಟದ ಜೊತೆ ಮಾತ್ರ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಬಸುರಿಯರಿಗೆ ಇದನ್ನು ಹೇಳದೆ ಕಳಿಸಬಾರದು. ಮೆಟ್‌ಫಾರ್ಮಿನ್ ರಕ್ತದಲ್ಲಿ ಏರುತ್ತದೆ, ಹಾಗಾಗಿ ದಿನಕ್ಕೆ 1 ಗ್ರಾಂ ಮೀರಿಸುವುದಿಲ್ಲ. ಫಿಟ್ಸ್‌ಗೆ ಕಾರ್ಬಮಜೆಪಿನ್, ಫೆನಿಟಾಯಿನ್ ನಡೆಯುತ್ತಿದ್ದರೆ ಡೊಲುಟೆಗ್ರಾವಿರ್ ಮಟ್ಟ ಕುಸಿಯುತ್ತದೆ. ನಾವೇ ಬದಲಿಸಲು ಹೋಗದೆ ಸೆಂಟರಿಗೆ ಚೀಟಿ ಬರೆಯುತ್ತೇವೆ.

ಎರಡನೇ ಹಂತದ ಚಿಕಿತ್ಸೆಯಲ್ಲಿ ರಿಟೊನವಿರ್ ಇರುವವರ ಹೆಸರಿನ ಮುಂದೆ ಕೆಂಪು ಚುಕ್ಕೆ. ಅವರ ಮೊಣಕಾಲಿಗೆ ಟ್ರಯಾಮ್ಸಿನೊಲೋನ್ ಇಂಜೆಕ್ಷನ್ ಕೊಟ್ಟರೆ, ದಮ್ಮಿಗೆ ಫ್ಲುಟಿಕಾಸೋನ್ ಇನ್‌ಹೇಲರ್ ಬರೆದರೆ ಸ್ಟಿರಾಯ್ಡ್ ಒಡೆಯದೆ ದೇಹದಲ್ಲಿ ಶೇಖರವಾಗಿ ಮುಖ ಊದುತ್ತದೆ, ಅಡ್ರಿನಲ್ ಗ್ರಂಥಿ ಮಂಕಾಗುತ್ತದೆ. ಮೈಗ್ರೇನಿನ ಎರ್ಗೊಟಮಿನ್ ಇನ್ನೂ ಅಪಾಯ: ಬೆರಳಿಗೆ ರಕ್ತ ಹರಿಯುವುದೇ ನಿಲ್ಲಬಹುದು. ಸಿಮ್ವಾಸ್ಟಾಟಿನ್ ಕೂಡದು.

ಕ್ರಿಯಾಟಿನಿನ್ ನೋಡಿ ಹೆದರಿ ಮಾತ್ರೆ ನಿಲ್ಲಿಸುವವರಿದ್ದಾರೆ. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲಿ ಅದು ಡೆಸಿಲೀಟರಿಗೆ 0.1ರಿಂದ 0.15 ಮಿಲಿಗ್ರಾಂನಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಮೂತ್ರಪಿಂಡ ಕೆಟ್ಟಿಲ್ಲ, ಕ್ರಿಯಾಟಿನಿನ್ ಹೊರಹೋಗುವ ಒಂದು ದಾರಿ ಮಾತ್ರ ಮುಚ್ಚಿದೆ. ಏರುತ್ತಲೇ ಹೋದರೆ, ಮೂತ್ರದಲ್ಲಿ ಪ್ರೋಟೀನು, ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ, ಆಗ ಟೆನೊಫೊವಿರ್ ಮೇಲೆ ಅನುಮಾನ ಪಡಬೇಕು. ಇಂಥವರಿಗೆ ಡೈಕ್ಲೋಫೆನಾಕ್ ಬರೆದು ಕೊಡುವುದು ಕಟ್ಟಡ ಕೆಲಸದವರ ಓಪಿಡಿಯಲ್ಲಿ ಬಲು ಸುಲಭವಾಗಿ ಆಗುವ ತಪ್ಪು.

ಮೂರನೆಯದು ಟಿಬಿ. ಯಾವ ಕಾಯಿಲೆಗೆ ಬಂದರೂ ನಾಲ್ಕು ಪ್ರಶ್ನೆ: ಕೆಮ್ಮು, ಜ್ವರ, ತೂಕ ಇಳಿದದ್ದು, ರಾತ್ರಿ ಬೆವರು. ಒಂದಕ್ಕೆ ಹೌದು ಎಂದರೂ ಕಫ ಪರೀಕ್ಷೆ. ರಿಫಾಂಪಿಸಿನ್ ಇರುವ ಟಿಬಿ ಚಿಕಿತ್ಸೆ ಹತ್ತಿದರೆ ಟಿಎಲ್‌ಡಿಯ 12 ಗಂಟೆ ನಂತರ ಡೊಲುಟೆಗ್ರಾವಿರ್ 50 ಇನ್ನೊಂದು ಬೇಕು, ಟಿಬಿ ಮಾತ್ರೆ ಮುಗಿದ ಮೇಲೂ ಎರಡು ವಾರ. ಟಿಬಿ ಔಷಧ ಒಂದು ಕಡೆ, ಎಚ್‌ಐವಿ ಔಷಧ ಇನ್ನೊಂದು ಕಡೆ ಸಿಗುವುದರಿಂದ ಈ ಹೆಚ್ಚುವರಿ ಮಾತ್ರೆ ನಡುವೆ ಬಿದ್ದುಹೋಗುತ್ತದೆ. ‘ಸಂಜೆ ಗುಳಿಗಿ ಯಾವುದು ತೋರ್ಸ್ರಿ’ ಎಂದು ಡಬ್ಬಿಯನ್ನೇ ತರಿಸಿ ನೋಡುತ್ತೇವೆ. ಹೊಸದಾಗಿ ಎಆರ್‌ಟಿ ಶುರುವಾದ ವಾರಗಳಲ್ಲಿ ಜ್ವರ ಹೆಚ್ಚಿ, ಗಂಟು ಊದಿದರೆ ಅದು ಚೇತರಿಸಿಕೊಳ್ಳುತ್ತಿರುವ ರೋಗನಿರೋಧಕ ಶಕ್ತಿಯ ಪ್ರತಿಕ್ರಿಯೆ ಇರಬಹುದು. ಎಆರ್‌ಟಿ ನಿಲ್ಲಿಸದೆ ಸೆಂಟರಿಗೆ ಕಳಿಸಬೇಕು. ತಲೆನೋವಿನ ಜೊತೆ ವಾಂತಿ, ಕುತ್ತಿಗೆ ಬಿಗಿತ ಇದ್ದರೆ ಅವತ್ತೇ ಬಾಂಬೋಳಿಗೆ.

ಇದೇ ಹಾಳೆಯ ಕೆಳಗೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ಸಿನ ಎಣಿಕೆ) ಸಾಲು: ಚಿಕಿತ್ಸೆ ಶುರುವಾಗಿ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಮಿಲಿಲೀಟರಿಗೆ 1000 ದಾಟಿದರೆ ಮೊದಲು ಮಾತ್ರೆ ತಪ್ಪುತ್ತಿದೆಯೇ ಎಂದು ಬಿಡಿಸಿ ಕೇಳಬೇಕು. ಪರೀಕ್ಷೆಯಲ್ಲಿ ವೈರಸ್ಸು ಕಾಣದ ಮಟ್ಟಕ್ಕೆ ಇಳಿದು, ಮಾತ್ರೆ ತಪ್ಪದೆ ನಡೆಯುತ್ತಿದ್ದರೆ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ಗಂಡಹೆಂಡತಿಗೆ ಇದನ್ನು ಕನ್ನಡದಲ್ಲಿ ನೇರವಾಗಿ ಹೇಳಿದಾಗ ಕೌನ್ಸೆಲಿಂಗಿನ ಅರ್ಧ ಕೆಲಸ ಮುಗಿಯುತ್ತದೆ.

ಕೇಳುವ ರೀತಿಯೂ ಒಂದು ಸಲಕರಣೆ. ‘ಗುಳಿಗಿ ಬರೋಬರಿ ತಗೋತೀರೇನ್ರಿ?’ ಎಂದರೆ ಉತ್ತರ ‘ಹೂಂ ರೀ’ ಎಂದೇ. ‘ಡಬ್ಬ್ಯಾಗ ಎಷ್ಟ್ ಉಳದಾವ್ರಿ?’ ಎಂದರೆ ಲೆಕ್ಕ ಬರುತ್ತದೆ. 30 ಕೊಟ್ಟು 28 ದಿನವಾಗಿದ್ದರೆ ಉಳಿಯಬೇಕಾದದ್ದು 2. ಐದು ಉಳಿದಿದ್ದರೆ ಮೂರು ತಪ್ಪಿವೆ, ಅಂದರೆ ಶೇ. 89. ಬೈಯದೆ ಮುಂದಿನ ಪ್ರಶ್ನೆ: ‘ಆ ಮೂರು ದಿನ ಎಲ್ಲಿದ್ರಿ?’

ಉತ್ತರ ಬಹುತೇಕ ಊರು. ನಾಲ್ಕನೆಯ ಹಾಳೆ ಒಂದು ಕ್ಯಾಲೆಂಡರು. ಮಳೆಗಾಲಕ್ಕೆ ಗೋವಾದಲ್ಲಿ ಕಟ್ಟಡ ಕೆಲಸ ಇಳಿಯುತ್ತದೆ, ಊರಲ್ಲಿ ಬಿತ್ತನೆ ಏರುತ್ತದೆ. ಆಮೇಲೆ ಪಂಚಮಿ, ದೀಪಾವಳಿ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ. ಇವುಗಳಿಗೆ ಮೂರು ವಾರ ಮೊದಲೇ, ಜ್ವರಕ್ಕೆ ಬಂದವರಾದರೂ ಸರಿ, ಮಾತ್ರೆ ಎಷ್ಟು ದಿನಕ್ಕಿದೆ ಎಂದು ಕೇಳುತ್ತೇವೆ. ಸ್ಥಿರವಾಗಿರುವವರಿಗೆ ಸೆಂಟರಿನಲ್ಲಿ ಮೂರು ತಿಂಗಳಿನದು ಒಟ್ಟಿಗೆ ಸಿಗಬಹುದು, ಆದರೆ ಮುಂಚೆ ಕೇಳಬೇಕು. ಊರಲ್ಲಿ ತೀರಿಹೋದರೆ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನಂಥ (ಹಿಂದಿನ ಕಿಮ್ಸ್) ಕಡೆಯ ಎಆರ್‌ಟಿ ಸೆಂಟರಿನಲ್ಲಿ ಹಸಿರು ಪುಸ್ತಕ (ರೋಗಿಯ ಬಳಿ ಇರುವ ಚಿಕಿತ್ಸೆಯ ದಾಖಲೆ) ತೋರಿಸಿ, ದಾರಿಯಲ್ಲಿರುವ ರೋಗಿ ಎಂದು ಮಾತ್ರೆ ಪಡೆಯಬಹುದು. ಊರಲ್ಲೇ ನೆಲೆಸುವುದಾದರೆ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಬೇಕು. ಕಷ್ಟವೆಂದರೆ, ಮನೆಯವರ ಕಣ್ಣಿಗೆ ಬಿದ್ದೀತೆಂದು ಹಸಿರು ಪುಸ್ತಕವನ್ನು ವಾಸ್ಕೋದ ಖೋಲಿಯಲ್ಲೇ ಬಿಟ್ಟು ಹೋಗುತ್ತಾರೆ. ಅದಕ್ಕೆ ಮೊದಲ ಪುಟ ಮತ್ತು ಕೊನೆಯ ಮಾತ್ರೆ ಕೊಟ್ಟ ಪುಟದ ಫೋಟೊವನ್ನು ಅವರದೇ ಫೋನಿನಲ್ಲಿ ತೆಗೆಸಿ, ಫೋಟೊಗಳ ನಡುವೆ ಕಾಣದ ಹಾಗೆ ಬೇರೆ ಫೋಲ್ಡರಿಗೆ ಹಾಕಿಸುತ್ತೇವೆ. ಸಂದೇಹಕ್ಕೆ ಏಡ್ಸ್ ಸಹಾಯವಾಣಿ 1097, ಉಚಿತ ಕರೆ.

ಪ್ರೆಪ್, ಅಂದರೆ ಸೋಂಕಿಲ್ಲದವರು ಅದು ತಗಲದಂತೆ ಮೊದಲೇ ನುಂಗುವ ಮಾತ್ರೆಯ ಬಗ್ಗೆ ಕೇಳುವವರು ಕಡಿಮೆ, ಆದರೆ ಕೇಳಿದವರನ್ನು ಬರಿಗೈಲಿ ಕಳಿಸಬಾರದು. ಶುರು ಮಾಡುವ ಮೊದಲು ಎಚ್‌ಐವಿ ನೆಗೆಟಿವ್ ಎಂಬುದು ಖಚಿತವಿರಬೇಕು, ಹೆಪಟೈಟಿಸ್ ಬಿ ಮತ್ತು ಕ್ರಿಯಾಟಿನಿನ್ ನೋಡಿರಬೇಕು. ಟೆನೊಫೊವಿರ್ 300, ಎಮ್‌ಟ್ರಿಸಿಟಬಿನ್ 200 ದಿನಕ್ಕೊಂದು. ಮೂರು ತಿಂಗಳಿಗೊಮ್ಮೆ ಮತ್ತೆ ಎಚ್‌ಐವಿ ಪರೀಕ್ಷೆ. ಈಚೆಗೆ ಜ್ವರ, ಗಂಟಲುನೋವು, ಮೈಮೇಲೆ ದದ್ದು ಬಂದಿದ್ದರೆ ತಡೆಯಿರಿ: ಅದು ಹೊಸ ಸೋಂಕೇ ಇರಬಹುದು, ಅದಕ್ಕೆ ಎರಡೇ ಔಷಧ ಕೊಟ್ಟರೆ ವೈರಸ್ಸು ಆ ಔಷಧಗಳಿಗೆ ಜಗ್ಗದಂತಾಗಬಹುದು.

ಒಂದು ಕಿಟ್ಟಿನಲ್ಲಿ ಪಾಸಿಟಿವ್ ಬಂದದ್ದು ರೋಗನಿರ್ಣಯವಲ್ಲ. ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಕಿಟ್ಟುಗಳಲ್ಲಿ ಖಚಿತವಾಗಬೇಕು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಫಲಿತಾಂಶವನ್ನು ಹೊರಗೆ ಬಿಡುವುದು ಎರಡನ್ನೂ 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಗೋವಾದಲ್ಲಿ ಇದು ಬರೀ ಕಾಗದದ ಮಾತಲ್ಲ. 1989ರಲ್ಲಿ, ರಕ್ತದಾನಿಯಾಗಿದ್ದ ಡೊಮಿನಿಕ್ ಡಿಸೋಜಾ ಅವರನ್ನು ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಮಾಪುಸಾದಲ್ಲಿ 64 ದಿನ ಕೂಡಿಹಾಕಿದ್ದರು, ಅದೂ ಅಂದಿನ ಕಾನೂನಿನ ಪ್ರಕಾರವೇ. ನಮ್ಮ ಕೇಸ್ ಪೇಪರಿನಲ್ಲಿ ರೋಗದ ಹೆಸರು ಬರೆಯುವುದಿಲ್ಲ, ಹೊದಿಕೆಯ ಮೂಲೆಯಲ್ಲಿ ಗುರುತಿಲ್ಲ. ಹಿಂದೆ ಹೇಳಿದ ಕೆಂಪು ಚುಕ್ಕೆ ಒಳಪುಟದಲ್ಲಿದೆ, ಪೆನ್ಸಿಲಿನ್ ಅಲರ್ಜಿಗೂ ಅದೇ ಚುಕ್ಕೆ.

ಹಾಳೆಗಳ ಕೆಳಬದಿಯಲ್ಲಿ ಬರೆದ ತಾರೀಕಿದೆ. ಆರು ತಿಂಗಳಿಗೊಮ್ಮೆ ಮೂಲದೊಂದಿಗೆ ತಾಳೆ ನೋಡಿ, ಬದಲಾದ ಸಾಲಿದ್ದರೆ ಪೂರ್ತಿ ಹಾಳೆಯನ್ನೇ ಹೊಸದಾಗಿ ಬರೆಯುತ್ತೇವೆ, ತಿದ್ದಿ ಗೀಚುವುದಿಲ್ಲ. ಟಿಎಲ್‌ಡಿಗೂ ಹಿಂದಿನ ಎಫವಿರೆಂಜ್ ಮಾತ್ರೆಯ ಕಾಲದ ಹಳೆಯ ಹಾಳೆಯಲ್ಲಿ ‘ರಾತ್ರಿ ಮಲಗುವಾಗ’ ಎಂದಿತ್ತು. ಟಿಎಲ್‌ಡಿ ಬಂದ ಮೇಲೂ ಆ ಸಾಲು ಬಹಳ ದಿನ ಗಾಜಿನಡಿಯೇ ಉಳಿದು, ನಿದ್ದೆ ಬಾರದ ದೂರುಗಳನ್ನು ತಂದುಕೊಟ್ಟಿತ್ತು. ಹಳೆಯದನ್ನು ಈಗ ಹರಿದೇ ಹಾಕುತ್ತೇವೆ.