‘ಪುಟ್ ಆಫ್’ ಕಲಿಸುವಾಗ ನಮ್ಮ ‘ಹಾಕು’ ಕೈಹಿಡಿಯುವುದೆಲ್ಲಿ, ಕೈಕೊಡುವುದೆಲ್ಲಿ

ಮಂಡ್ಯದ ಪಿಯುಸಿ ಮಕ್ಕಳಿಗೆ ‘ಪುಟ್ ಆಫ್’ ಹೇಳಿಕೊಡುವಾಗ ನಾನು ಶುರು ಮಾಡುವುದು ‘ಮದ್ವೆ ಮುಂದಕ್ಕೆ ಹಾಕಿದ್ರು’ ಅನ್ನುವ ಮಾತಿನಿಂದ. ಹಾಕು ಅಂದರೆ ಪುಟ್, ಅಲ್ಲಿಗೆ ಅರ್ಧ ಕೆಲಸ ಆಯಿತು. ತೊಂದರೆ ಇರುವುದು ‘ಮುಂದಕ್ಕೆ’ಯಲ್ಲಿ. ಅದನ್ನು ಹಾಗೇ ಇಳಿಸಿ ‘ಪುಟ್ ಫಾರ್ವರ್ಡ್’ ಅಂದರೆ ಅರ್ಥ ತಿರುಗುಮುರುಗು: 20ಕ್ಕಿದ್ದ ಸಭೆ 15ಕ್ಕೇ ಬಂತು ಎಂದು ಕೇಳಿದವರು ತಿಳಿಯುತ್ತಾರೆ. ಅದಕ್ಕೇ ಬೋರ್ಡಿನ ಮೇಲೆ ಉದ್ದ ಗೆರೆ ಎಳೆದು ನಡುವೆ 20 ಬರೆಯುತ್ತೇನೆ. ಎಡಕ್ಕೆ 15, ಅದರಡಿ ಫಾರ್ವರ್ಡ್. ಬಲಕ್ಕೆ 25, ಅದರಡಿ ಆಫ್. ಈ ಚಿತ್ರ ನೋಟ್‌ಬುಕ್ಕಿಗೆ ಇಳಿಯುವವರೆಗೆ ಮುಂದಿನ ಪಾಠಕ್ಕೆ ಹೋಗುವುದಿಲ್ಲ.

ಆಮೇಲೆ ಪದಗಳ ಜಾಗ. ‘ಪುಟ್ ಆಫ್ ದ ವೆಡ್ಡಿಂಗ್’, ‘ಪುಟ್ ದ ವೆಡ್ಡಿಂಗ್ ಆಫ್’ ಎರಡೂ ಸರಿ. ಇಟ್, ಹಿಮ್, ದೆಮ್ ಬಂದರೆ ಮಾತ್ರ ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ಒತ್ತು ‘ಆಫ್’ ಮೇಲೆ ಬೀಳುವಂತೆ ಗಟ್ಟಿಯಾಗಿ ಹೇಳಿಸಿದರೆ ‘ಪುಟ್ ಆಫ್ ಇಟ್’ ನಾಲಿಗೆಗೇ ಒಗ್ಗುವುದಿಲ್ಲ.

ಹೆಚ್ಚು ತಪ್ಪಾಗುವುದು ಇನ್ನೊಂದು ಕ್ರಿಯಾಪದ ಸೇರಿದಾಗ. ‘ದೇ ಪುಟ್ ಆಫ್ ಟು ಕಟ್ ದ ಕೇನ್’ ಎಂದು ಬರೆಯುತ್ತಾರೆ. ಇಲ್ಲಿ ಕನ್ನಡವೇ ದಾರಿ ತೋರುತ್ತದೆ. ‘ಕಬ್ಬು ಕಡಿಯಲು ಮುಂದಕ್ಕೆ ಹಾಕಿದರು’ ಅನ್ನುತ್ತೇವೆಯೇ? ‘ಕಡಿಯುವುದನ್ನು’ ಅನ್ನುತ್ತೇವೆ. ‘ವುದನ್ನು’ ಬರುವ ಜಾಗದಲ್ಲಿ ‘ಇಂಗ್’ ಹಾಕಿ: ‘ಪುಟ್ ಆಫ್ ಕಟಿಂಗ್ ದ ಕೇನ್’. ಎಲ್ಲಿಯವರೆಗೆ ಎಂದು ಹೇಳಲು ‘ಟಿಲ್’: ‘ಟಿಲ್ ಆಫ್ಟರ್ ದಸರಾ’.

‘ಪುಟ್ ಆಫ್’ ಆದದ್ದು ದಿನವಲ್ಲ, ಮನುಷ್ಯ ಎಂದಾದರೆ ಅರ್ಥ ಬೇರೆ. ‘ಹಿ ಪುಟ್ ಮಿ ಆಫ್ ವಿತ್ ಎಕ್ಸ್‌ಕ್ಯೂಸಸ್’ ಅಂದರೆ ಸಬೂಬು ಹೇಳಿ ಸಾಗಹಾಕಿದ. ಇಲ್ಲೂ ನಮ್ಮ ‘ಹಾಕು’ ಇದೆ, ನೋಡಿ. ‘ದ ಸ್ಮೆಲ್ ಪುಟ್ ಮಿ ಆಫ್ ಮೈ ಫುಡ್’ ಅಂದರೆ ಆ ವಾಸನೆಗೆ ಊಟ ಸೇರಲಿಲ್ಲ. ಇದಕ್ಕೆ ‘ಹಾಕು’ ಒದಗುವುದಿಲ್ಲ, ವಾಕ್ಯವನ್ನೇ ಬಾಯಿಪಾಠ ಮಾಡಿಸುತ್ತೇನೆ. ‘ಪುಟ್ ಆಫ್ ದ ಲೈಟ್’ ನಮ್ಮಲ್ಲಿ ಬಳಕೆಯಲ್ಲಿದೆ, ತಪ್ಪೆಂದು ಗೀಟು ಹಾಕುವುದಿಲ್ಲ. ಬರವಣಿಗೆಯಲ್ಲಿ ‘ಸ್ವಿಚ್ ಆಫ್’ ಇರಲಿ ಅನ್ನುತ್ತೇನೆ.

ಇಷ್ಟಾದ ಮೇಲೆಯೇ ‘ಕಾಲ್ ಆಫ್’ ತೆಗೆಯುವುದು. ಎರಡನ್ನೂ ಒಂದೇ ದಿನ ಕಲಿಸಿದರೆ ಕಲಸಿಹೋಗುತ್ತವೆ. ‘ಪುಟ್ ಆಫ್’ ಆದ ಮದುವೆಗೆ ಇನ್ನೊಂದು ಮುಹೂರ್ತ ಇಡುತ್ತಾರೆ. ‘ಕಾಲ್ ಆಫ್’ ಆದ ಮದುವೆ ಮುರಿದುಬಿದ್ದ ಹಾಗೆ.